ಹದಿನೈದು ಗೆದ್ದರೂ ಕಪ್ ಯಾಕೆ ಸಿಗಲಿಲ್ಲ?

ಓದುಗರ ಪ್ರಶ್ನೆ, ಕ್ರೀಡಾ ವಿಭಾಗದ ಉತ್ತರ

ಅಮೆರಿಕನ್ ಫುಟ್‌ಬಾಲ್ ಬಗ್ಗೆ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಂದ ಬಂದ ಪ್ರಶ್ನೆಗಳಲ್ಲಿ ಬಹುಪಾಲು ಒಂದೇ ತಂಡದ ಸುತ್ತ ಇದ್ದವು: ಡೆಟ್ರಾಯಿಟ್ ಲಯನ್ಸ್, ಅದರ 2024ರ ಸೀಸನ್. ಆಟ ನೋಡಿಯೇ ಇಲ್ಲದವರಿಗೆ ಮೊದಲು ಎರಡು ಮಾತು. ಒಂದು ಕಡೆಗೆ 11 ಜನ, 15 ನಿಮಿಷದ ನಾಲ್ಕು ಕ್ವಾರ್ಟರ್, 100 ಗಜದ ಮೈದಾನ. ಚೆಂಡು ಕೈಯಲ್ಲಿರುವ ತಂಡ ನಾಲ್ಕು ಅವಕಾಶದಲ್ಲಿ 10 ಗಜ ಮುಂದೆ ಹೋಗಬೇಕು. ಒಂದೊಂದು ಅವಕಾಶವೂ ಒಂದು ‘ಡೌನ್’. ಚೆಂಡನ್ನು ಎದುರಾಳಿಯ ಕೊನೆಯ ಗೆರೆಯಾಚೆಗೆ ಒಯ್ಯುವುದು ಟಚ್‌ಡೌನ್, ಅದಕ್ಕೆ 6 ಅಂಕ. ಅದಾದ ಕೂಡಲೇ ಚೆಂಡನ್ನು ಕಂಬಗಳ ನಡುವೆ ಒದ್ದರೆ 1, ಓಡಿ ಅಥವಾ ಎಸೆದು ಗೆರೆ ದಾಟಿಸಿದರೆ 2. ಟಚ್‌ಡೌನ್ ಇಲ್ಲದೆಯೇ ಕಂಬಗಳ ನಡುವೆ ಒದೆಯುವ ಫೀಲ್ಡ್ ಗೋಲ್‌ಗೆ 3.

ಪ್ರಶ್ನೆ: ನಮ್ಮ ಅಳಿಯಂದಿರು ಮಿಷಿಗನ್‌ನಲ್ಲಿದ್ದಾರೆ, ಲಯನ್ಸ್ ಅಂದರೆ ಪ್ರಾಣ. 17 ಆಟದಲ್ಲಿ 15 ಗೆದ್ದ ತಂಡ ಆಮೇಲೆ ಒಂದೇ ಒಂದು ಸೋತು ಮನೆಗೆ ಹೋಯಿತಂತೆ. ಐಪಿಎಲ್‌ನಲ್ಲಿ ಮೊದಲ ಎರಡು ಸ್ಥಾನದವರಿಗೆ ಇನ್ನೊಂದು ಅವಕಾಶವಾದರೂ ಇದೆ. ಅಲ್ಲಿ ಇಲ್ಲವೆ? ಸೋತದ್ದಾದರೂ ಯಾಕೆ?
— ನಿವೃತ್ತ ದೈಹಿಕ ಶಿಕ್ಷಕರು, ಚಿತ್ರದುರ್ಗ

ಉತ್ತರ: ಇಲ್ಲ, ಮೇಷ್ಟ್ರೇ. ಎನ್‌ಎಫ್‌ಎಲ್ (ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್) ಪ್ಲೇಆಫ್‌ನಲ್ಲಿ ಸೋತವರಿಗೆ ಎರಡನೇ ಬಾಗಿಲು ಇಲ್ಲ. ಒಟ್ಟು 32 ತಂಡಗಳು. ಎಎಫ್‌ಸಿ, ಎನ್‌ಎಫ್‌ಸಿ ಎಂಬ ಎರಡು ಕಾನ್ಫರೆನ್ಸ್‌ಗಳಲ್ಲಿ 16-16. ಪ್ರತಿ ಕಾನ್ಫರೆನ್ಸ್‌ನಿಂದ 7 ತಂಡ ಪ್ಲೇಆಫ್‌ಗೆ ಹೋಗುತ್ತವೆ. ಮೊದಲ ಸ್ಥಾನಕ್ಕೆ ಸಿಗುವುದು ಎರಡೇ ಲಾಭ: ಮೊದಲ ಸುತ್ತು ಆಡಬೇಕಿಲ್ಲ, ಸೂಪರ್ ಬೌಲ್ ಎಂಬ ಅಂತಿಮ ಪಂದ್ಯದವರೆಗಿನ ಆಟಗಳೆಲ್ಲ ಸ್ವಂತ ಮೈದಾನದಲ್ಲಿ. ಅಂದರೆ ಕಪ್‌ಗೆ ಅವರು ಮೂರು ಆಟ ಗೆದ್ದರೆ ಸಾಕು, ಉಳಿದವರು ನಾಲ್ಕು ಗೆಲ್ಲಬೇಕು. ಲಯನ್ಸ್‌ಗೆ ಈ ಎರಡೂ ಸಿಕ್ಕಿದ್ದವು. ಆದರೂ 2025ರ ಜನವರಿ 18ರಂದು ಡೆಟ್ರಾಯಿಟ್‌ನ ಫೋರ್ಡ್ ಫೀಲ್ಡ್‌ನಲ್ಲೇ ಆರನೇ ಸ್ಥಾನದ ವಾಷಿಂಗ್ಟನ್ ಕಮಾಂಡರ್ಸ್‌ಗೆ 45-31ರಲ್ಲಿ ಸೋತರು.

ಆ ದಿನದ ಕಾರಣ ಕೇಳಿದರೆ ಉತ್ತರ ಸುಲಭ. ಐದು ಸಲ ಚೆಂಡನ್ನು ಎದುರಾಳಿಗೆ ಒಪ್ಪಿಸಿದರು (ಇದೇ ‘ಟರ್ನೋವರ್’). ಆಕ್ರಮಣ ನಡೆಸಿ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಜೇರೆಡ್ ಗಾಫ್ ಎಸೆದ ಮೂರು ಚೆಂಡು ಎದುರಾಳಿಗಳ ಕೈ ಸೇರಿದವು (‘ಇಂಟರ್‌ಸೆಪ್ಷನ್’), ಅದರಲ್ಲೊಂದು ನೇರ ಟಚ್‌ಡೌನ್ ಆಯಿತು. ಒಂದು ಚೆಂಡು ಗಾಫ್ ಕೈಯಿಂದ ಜಾರಿ ಹೋಯಿತು. ಇನ್ನೊಂದು, ಎದುರಾಳಿಯನ್ನು ಏಮಾರಿಸಲು ಚೆಂಡು ಹಿಡಿಯುವ ರಿಸೀವರ್ ಜೇಮ್ಸನ್ ವಿಲಿಯಮ್ಸ್ ಕೈಲಿ ಎಸೆಸಿದ್ದು, ಅದೂ ಹೋಯಿತು.

ಸೀಸನ್‌ನ ಕಾರಣ ಬೇರೆ, ಅದು ಅಂಕಪಟ್ಟಿಯಲ್ಲೇ ಇದೆ. ಮೊದಲ 12 ಆಟಗಳಲ್ಲಿ ಲಯನ್ಸ್ ಬಿಟ್ಟುಕೊಟ್ಟದ್ದು 203 ಅಂಕ, ಆಟಕ್ಕೆ ಸುಮಾರು 17. ಮುಂದಿನ ನಾಲ್ಕೇ ಆಟಗಳಲ್ಲಿ 31, 48, 17, 34, ಅಂದರೆ 130. ಸರಾಸರಿ 32 ದಾಟಿತು. ನಡುವೆ ಆದದ್ದು ಗಾಯ. ಎದುರಾಳಿ ಕ್ವಾರ್ಟರ್‌ಬ್ಯಾಕ್ ಮೇಲೆ ಎರಗುವ ಏಡನ್ ಹಚಿನ್ಸನ್ ಐದು ಆಟದಲ್ಲಿ 7.5 ಸ್ಯಾಕ್ (ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವುದು) ಮಾಡಿದ್ದವರು, ಅಕ್ಟೋಬರ್ 13ರಂದು ಡಲ್ಲಾಸ್‌ನಲ್ಲಿ ಕಾಲಿನ ಮೂಳೆ ಮುರಿದುಕೊಂಡು ಹೊರಬಿದ್ದರು. ರಕ್ಷಣಾ ಪಡೆಯ ಲೈನ್‌ಬ್ಯಾಕರ್ ಅಲೆಕ್ಸ್ ಅಂಜಲೋನ್ ಮುಂದೋಳು ಮುರಿಯಿತು. ಡಿಸೆಂಬರ್‌ನಲ್ಲಿ ಬಫಲೋ ವಿರುದ್ಧದ ಆಟ ಒಂದರಲ್ಲೇ ಅದೇ ಪಡೆಯ ಅಲೀಮ್ ಮೆಕ್‌ನೀಲ್ ಮೊಣಕಾಲು, ಕಾರ್ಲ್‌ಟನ್ ಡೇವಿಸ್ ದವಡೆ ಹೋದವು. ಆಗಲೂ ಗೆಲುವು ಬರುತ್ತಿತ್ತು, ಯಾಕೆಂದರೆ ಆಕ್ರಮಣ ಪಡೆ ಅಂಕ ಸುರಿಯುತ್ತಿತ್ತು; 17 ಆಟದಲ್ಲಿ 564. ಅಂಥ ತಂಡಕ್ಕೆ ಆಕ್ರಮಣ ಕೈಕೊಟ್ಟ ಒಂದು ದಿನ ಸಾಕು, ಹಿಂದೆ ಹಿಡಿದು ನಿಲ್ಲಿಸುವವರಿರುವುದಿಲ್ಲ. ಗೆಲುವು-ಸೋಲಿನ ಪಟ್ಟಿ ಮಾತ್ರ ನೋಡಿದವರಿಗೆ ಜನವರಿಯ ಸೋಲು ಆಘಾತ. ಬಿಟ್ಟುಕೊಟ್ಟ ಅಂಕ ನೋಡಿದವರಿಗೆ ಅಷ್ಟಿಲ್ಲ.

ಪ್ರಶ್ನೆ: 32 ತಂಡ, ಒಬ್ಬರಿಗೆ 17 ಆಟ. ಯಾರ ಮೇಲೆ ಯಾರು ಅಂತ ಚೀಟಿ ಎತ್ತುತ್ತಾರಾ?
— ಎಂಜಿನಿಯರಿಂಗ್ ವಿದ್ಯಾರ್ಥಿ, ಶಾಮನೂರು ರಸ್ತೆ, ದಾವಣಗೆರೆ

ಉತ್ತರ: ಚೀಟಿ ಇಲ್ಲ. ಯಾವ ವಾರ, ಯಾವ ಹೊತ್ತು ಎಂಬುದನ್ನು ಲೀಗ್ ನಿರ್ಧರಿಸುತ್ತದೆ. ಯಾರೊಂದಿಗೆ ಎಂಬುದಕ್ಕೆ ಸೂತ್ರ ಇದೆ. ಪ್ರತಿ ಕಾನ್ಫರೆನ್ಸ್‌ನಲ್ಲಿ ನಾಲ್ಕು ತಂಡಗಳ ನಾಲ್ಕು ಡಿವಿಷನ್. ಲಯನ್ಸ್ ಇರುವುದು ಎನ್‌ಎಫ್‌ಸಿ ನಾರ್ತ್‌ನಲ್ಲಿ. ಆ ಡಿವಿಷನ್‌ನ ಷಿಕಾಗೋ, ಗ್ರೀನ್ ಬೇ, ಮಿನೆಸೋಟ ಮೂವರೊಂದಿಗೂ ಮನೆಯಲ್ಲೊಂದು, ಹೊರಗೊಂದು, ಒಟ್ಟು 6. ತನ್ನದೇ ಕಾನ್ಫರೆನ್ಸ್‌ನ ಇನ್ನೊಂದು ಡಿವಿಷನ್‌ನ ನಾಲ್ವರೊಂದಿಗೆ 4. ಇದು ಮೂರು ವರ್ಷಕ್ಕೊಮ್ಮೆ ತಿರುಗುತ್ತದೆ, 2024ರಲ್ಲಿ ಎನ್‌ಎಫ್‌ಸಿ ವೆಸ್ಟ್. ಆಚೆ ಕಾನ್ಫರೆನ್ಸ್‌ನ ಒಂದು ಡಿವಿಷನ್‌ನೊಂದಿಗೆ 4. ಇದು ನಾಲ್ಕು ವರ್ಷಕ್ಕೊಮ್ಮೆ, ಆ ವರ್ಷ ಎಎಫ್‌ಸಿ ಸೌತ್. ಅಲ್ಲಿಗೆ 14 ಆಯಿತು.

ಉಳಿದ ಮೂರರಲ್ಲೇ ಸ್ವಾರಸ್ಯ. ಹಿಂದಿನ ವರ್ಷ ನೀವು ನಿಮ್ಮ ಡಿವಿಷನ್‌ನಲ್ಲಿ ಎಷ್ಟನೆಯವರೋ, ಬೇರೆ ಮೂರು ಡಿವಿಷನ್‌ಗಳಲ್ಲಿ ಅಷ್ಟನೆಯವರನ್ನೇ ಎದುರಿಸಬೇಕು. 2023ರಲ್ಲಿ ಲಯನ್ಸ್ ಮೊದಲಿಗರು, ಹಾಗಾಗಿ ಡಲ್ಲಾಸ್, ಟ್ಯಾಂಪಾ ಬೇ, ಬಫಲೋ ಎಂಬ ಮೂರು ಡಿವಿಷನ್ ವಿಜೇತರು ಪಾಲಿಗೆ ಬಂದರು. ಸೀಸನ್‌ನ ಎರಡೇ ಸೋಲು ಎಲ್ಲಿ ಬಂದವು ನೋಡಿ: ಟ್ಯಾಂಪಾ ಬೇಗೆ 20-16, ಬಫಲೋಗೆ 48-42. ಸೂತ್ರದ 14 ಆಟ ಪೂರ್ತಿ ಗೆದ್ದು, ‘ಚೆನ್ನಾಗಿ ಆಡಿದ್ದಕ್ಕೆ ದಂಡ’ ಎನ್ನಬಹುದಾದ ಮೂರರಲ್ಲಿ ಎರಡು ಸೋತರು.

18 ವಾರದಲ್ಲಿ 17 ಆಟ. ಒಂದು ವಾರ ಬಿಡುವು, ಅದಕ್ಕೆ ಬೈ ವಾರ ಎನ್ನುತ್ತಾರೆ. ಲಯನ್ಸ್‌ಗೆ ಅದು ಐದನೇ ವಾರಕ್ಕೇ ಬಂತು. ಗಾಯದ ದೃಷ್ಟಿಯಿಂದ ಇಷ್ಟು ಬೇಗ ಬಂದ ಬಿಡುವು ದಂಡವೇ. ಮೈ ಸವೆಯುವುದು ನವೆಂಬರ್‌ನಿಂದ ಈಚೆಗೆ.

ಪ್ರಶ್ನೆ: ಮಿನೆಸೋಟ ವೈಕಿಂಗ್ಸ್ 14 ಗೆದ್ದಿತ್ತು, ರ‍್ಯಾಮ್ಸ್ ಗೆದ್ದದ್ದು 10. ಆದರೂ ಪ್ಲೇಆಫ್‌ನಲ್ಲಿ ಆತಿಥೇಯರು ರ‍್ಯಾಮ್ಸ್. ಲೆಕ್ಕ ತಪ್ಪಲಿಲ್ಲವೆ?
— ಬ್ಯಾಂಕ್ ಉದ್ಯೋಗಿ, ಹರಿಹರ

ಉತ್ತರ: ಲೆಕ್ಕ ಸರಿ ಇದೆ, ನಿಯಮ ಹಾಗಿದೆ. ಮೊದಲ ನಾಲ್ಕು ಸ್ಥಾನ ನಾಲ್ಕು ಡಿವಿಷನ್ ವಿಜೇತರಿಗೆ ಮೀಸಲು. ಉಳಿದವರು ಎಷ್ಟೇ ಗೆದ್ದಿರಲಿ ಐದರಿಂದ ಕೆಳಗೆ. ಕೊನೆಯ ವಾರ ಲಯನ್ಸ್, ವೈಕಿಂಗ್ಸ್ ಇಬ್ಬರೂ 14 ಗೆದ್ದು 2 ಸೋತಿದ್ದು ಮುಖಾಮುಖಿಯಾದರು. ಗೆದ್ದವರಿಗೆ ಒಂದನೇ ಸ್ಥಾನ, ಸೋತವರಿಗೆ ಐದನೆಯದು. ಲಯನ್ಸ್ 31-9ರಲ್ಲಿ ಗೆದ್ದಿತು. ವೈಕಿಂಗ್ಸ್ ಮುಂದಿನ ವಾರ ರ‍್ಯಾಮ್ಸ್ ಕೈಲಿ 27-9ರಲ್ಲಿ ಸೋತಿತು. ಆತಿಥೇಯರ ಊರಾದ ಲಾಸ್ ಏಂಜಲೀಸ್‌ನ ಕಾಳ್ಗಿಚ್ಚಿನಿಂದಾಗಿ ಆ ಆಟ ಅರಿಜೋನಾಗೆ ಸ್ಥಳಾಂತರವಾಗಿತ್ತು. ಈ ಮೀಸಲು ನ್ಯಾಯವಲ್ಲ ಎಂಬುದೇ ನಮ್ಮ ಅಭಿಪ್ರಾಯವೂ. ಡಿವಿಷನ್ ವಿಜೇತರಿಗೆ ಪ್ಲೇಆಫ್ ಪ್ರವೇಶ ಕೊಡಲಿ. ಸ್ವಂತ ಮೈದಾನವನ್ನು ಗೆಲುವಿನ ಲೆಕ್ಕದ ಮೇಲೆ ಕೊಡಲಿ.

ಪ್ರಶ್ನೆ: ಅಷ್ಟೊಂದು ಜನ ಗಾಯಗೊಂಡರೆ ಹೊಸಬರನ್ನು ಎಲ್ಲಿಂದ ತರುತ್ತಾರೆ? ಗಾಯದ ಪಟ್ಟಿ ಓದುವುದು ಹೇಗೆ?
— ಓದುಗರು, ಚಳ್ಳಕೆರೆ

ಉತ್ತರ: ಬೇಸಿಗೆಯ ಶಿಬಿರಕ್ಕೆ 90 ಜನರನ್ನು ಸೇರಿಸುತ್ತಾರೆ. ಆಗಸ್ಟ್ ಕೊನೆಗೆ 53ಕ್ಕೆ ಇಳಿಸಬೇಕು. ಕೈಬಿಟ್ಟವರಲ್ಲಿ ಅನುಭವ ಕಡಿಮೆ ಇರುವವರ ಹೆಸರು ‘ವೇವರ್’ ಪಟ್ಟಿಗೆ ಹೋಗುತ್ತದೆ. ಹಿಂದಿನ ವರ್ಷ ಕಳಪೆಯಾಗಿ ಆಡಿದ ತಂಡಕ್ಕೆ ಮೊದಲ ಆಯ್ಕೆ. ಯಾರೂ ಎತ್ತಿಕೊಳ್ಳದವರಲ್ಲಿ 16 ಮಂದಿಯನ್ನು ಪ್ರಾಕ್ಟೀಸ್ ಸ್ಕ್ವಾಡ್‌ನಲ್ಲಿ ಇಟ್ಟುಕೊಳ್ಳಬಹುದು. ಇವರು ದಿನವೂ ಅಭ್ಯಾಸ ಮಾಡುತ್ತಾರೆ, ಆಟಕ್ಕಿಳಿಯುವುದಿಲ್ಲ. ಅಗತ್ಯ ಬಿದ್ದರೆ ಒಂದು ಆಟಕ್ಕೆ ಇಬ್ಬರನ್ನು ಮೇಲೆ ತರಬಹುದು. ಒಬ್ಬನನ್ನು ಸೀಸನ್‌ನಲ್ಲಿ ಮೂರು ಸಲ ಮಾತ್ರ. ನಾಲ್ಕನೇ ಸಲಕ್ಕೆ 53ರಲ್ಲಿ ಜಾಗ ಕೊಡಲೇಬೇಕು. ಇಲ್ಲಿ ಒಂದು ತೊಡಕಿದೆ: ಬೇರೆ ತಂಡ ತನ್ನ 53ರಲ್ಲಿ ಜಾಗ ಕೊಡುವುದಾದರೆ ನಿಮ್ಮ ಪ್ರಾಕ್ಟೀಸ್ ಸ್ಕ್ವಾಡ್ ಹುಡುಗನನ್ನು ಎಳೆದುಕೊಂಡು ಹೋಗಬಹುದು. ನೀವು ಆರು ತಿಂಗಳು ತಯಾರು ಮಾಡಿದವನು ಅವರ ಪಾಲಾಗುತ್ತಾನೆ.

ದೊಡ್ಡ ಗಾಯವಾದರೆ ‘ಇಂಜುರ್ಡ್ ರಿಸರ್ವ್’ಗೆ ಹಾಕುತ್ತಾರೆ. ಕನಿಷ್ಠ ನಾಲ್ಕು ಆಟ ಹೊರಗೆ, ಆದರೆ 53ರಲ್ಲಿ ಒಂದು ಜಾಗ ತೆರವಾಗುತ್ತದೆ. ಹೀಗೆ ಹೋದವರಲ್ಲಿ ಎಂಟು ಮಂದಿಯನ್ನಷ್ಟೇ ಸೀಸನ್ ನಡುವೆ ವಾಪಸ್ ಕರೆಸಬಹುದು. ಅದಕ್ಕೇ ಎರಡು ವಾರದ ಸ್ನಾಯು ನೋವಿಗೆ ಈ ಪಟ್ಟಿ ಬಳಸುವ ತಂಡ ಡಿಸೆಂಬರ್‌ನಲ್ಲಿ ಪರಿತಪಿಸುತ್ತದೆ. ಹೊರಗಿನಿಂದ ಖರೀದಿಗೂ ಗಡುವಿದೆ: 2024ರಲ್ಲಿ ಅದು ನವೆಂಬರ್ 5. ಲಯನ್ಸ್ ಅಷ್ಟರೊಳಗೆ ಕ್ಲೀವ್‌ಲ್ಯಾಂಡ್‌ನಿಂದ ಜಡೇರಿಯಸ್ ಸ್ಮಿತ್‌ನನ್ನು ತಂದಿತು. ಅದರ ನಂತರದ ಗಾಯಗಳಿಗೆ ಬೇರೆ ತಂಡದಿಂದ ಹೀಗೆ ಕೊಳ್ಳುವಂತಿರಲಿಲ್ಲ.

ಪಟ್ಟಿ ಓದುವ ಕ್ರಮ ಹೀಗೆ. ಭಾನುವಾರದ ಆಟಕ್ಕೆ ಬುಧ, ಗುರು, ಶುಕ್ರ ಮೂರೂ ದಿನ ವರದಿ ಬರುತ್ತದೆ: ಪೂರ್ತಿ ಅಭ್ಯಾಸ, ಅರೆ ಅಭ್ಯಾಸ, ಅಭ್ಯಾಸ ಇಲ್ಲ. ಬುಧವಾರ ‘ಅಭ್ಯಾಸ ಇಲ್ಲ’ ಎಂದು ಕಂಡರೆ ಗಾಬರಿ ಬೇಡ, ಹಿರಿಯ ಆಟಗಾರರಿಗೆ ಆ ದಿನ ಬಿಡುವು ಕೊಡುವುದು ವಾಡಿಕೆ. ಶುಕ್ರವಾರವೂ ಹಾಗೇ ಇದ್ದರೆ ಚಿಂತಿಸಿ. ಶುಕ್ರವಾರ ಮೂರು ಪದಗಳಲ್ಲಿ ಒಂದು ಬರುತ್ತದೆ: ‘ಔಟ್’ ಎಂದರೆ ಇಲ್ಲ, ‘ಡೌಟ್‌ಫುಲ್’ ಎಂದರೂ ಬಹುತೇಕ ಇಲ್ಲ, ‘ಕ್ವೆಶ್ಚನಬಲ್’ ಎಂದರೆ ಎರಡೂ ಆಗಬಹುದು. ಖಚಿತವಾಗುವುದು ಆಟಕ್ಕೆ 90 ನಿಮಿಷ ಮೊದಲು ಹೊರಗುಳಿಯುವವರ ಹೆಸರು ಬಂದಾಗ. 53ರಲ್ಲಿ ಆ ದಿನ ಆಡಲು ಅರ್ಹರು 48 ಮಾತ್ರ, ಅದೂ ಎಂಟು ಮಂದಿ ಅಫೆನ್ಸಿವ್ ಲೈನ್‌ಮನ್‌ಗಳು (ಕ್ವಾರ್ಟರ್‌ಬ್ಯಾಕ್ ಮುಂದೆ ತಡೆಗೋಡೆಯಾಗಿ ನಿಲ್ಲುವವರು) ಇದ್ದರೆ; ಇಲ್ಲದಿದ್ದರೆ 47.

ಪ್ರಶ್ನೆ: ಒಂದು ಆಟದಲ್ಲಿ ಗಾಫ್ ಐದು ಇಂಟರ್‌ಸೆಪ್ಷನ್ ಎಸೆದೂ ಲಯನ್ಸ್ ಗೆದ್ದಿತಂತೆ. ಹಾಗಾದರೆ ಐದು ಟರ್ನೋವರ್‌ನಿಂದ ಸೋತರು ಅನ್ನುವುದು ಹೇಗೆ?
— ಓದುಗರು, ಜಗಳೂರು

ಉತ್ತರ: ಚೆನ್ನಾಗಿ ಹಿಡಿದಿದ್ದೀರಿ. ಅದು ನವೆಂಬರ್ 10ರ ಹ್ಯೂಸ್ಟನ್ ಆಟ, 26-23. ಕಿಕ್ಕರ್ ಜೇಕ್ ಬೇಟ್ಸ್ ಮೊದಲು 58 ಗಜದಿಂದ ಸಮ ಮಾಡಿ, ಕೊನೆಗೆ 52 ಗಜದಿಂದ ಗೆಲ್ಲಿಸಿದರು. ಆ ದಿನ ರಕ್ಷಣಾ ಪಡೆ ಗಟ್ಟಿಯಾಗಿತ್ತು, ದ್ವಿತೀಯಾರ್ಧದಲ್ಲಿ ಹ್ಯೂಸ್ಟನ್‌ಗೆ ಒಂದು ಅಂಕವನ್ನೂ ಬಿಡಲಿಲ್ಲ. ಟರ್ನೋವರ್ ಸಾಲ ಇದ್ದ ಹಾಗೆ, ತೀರಿಸುವವರು ಮನೆಯಲ್ಲಿದ್ದರೆ ನಡೆಯುತ್ತದೆ. ಜನವರಿಯಲ್ಲಿ ಅವರು ಆಸ್ಪತ್ರೆಯಲ್ಲಿದ್ದರು.

ಪ್ರಶ್ನೆ: 2021ರಲ್ಲಿ ಮೂರೇ ಆಟ ಗೆದ್ದ ತಂಡ ಮೂರು ವರ್ಷದಲ್ಲಿ ಹದಿನೈದಕ್ಕೆ ಏರಿದ್ದು ಹಣದ ಬಲದಿಂದ ತಾನೆ?
— ವಾಣಿಜ್ಯಶಾಸ್ತ್ರ ಉಪನ್ಯಾಸಕರು, ದಾವಣಗೆರೆ

ಉತ್ತರ: ಹಣ ಸುರಿಯಲು ಆಗುವುದಿಲ್ಲ, ಸರ್. 2024ರಲ್ಲಿ ಒಂದು ತಂಡದ ಸಂಬಳ ಮಿತಿ 25.54 ಕೋಟಿ ಡಾಲರ್, ಶ್ರೀಮಂತ ಮಾಲೀಕರಿಗೂ ಅಷ್ಟೇ. ಏರಿಕೆ ಬಂದದ್ದು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಿಂದ. ಏಪ್ರಿಲ್‌ನಲ್ಲಿ ಏಳು ಸುತ್ತು, ಕೊನೆಯವರಿಗೆ ಮೊದಲ ಸರದಿ. 2021ರ ಆರಂಭದಲ್ಲಿ ಲಯನ್ಸ್ ತನ್ನ ಹಳೆಯ ಕ್ವಾರ್ಟರ್‌ಬ್ಯಾಕ್ ಮ್ಯಾಥ್ಯೂ ಸ್ಟ್ಯಾಫರ್ಡ್‌ನನ್ನು ರ‍್ಯಾಮ್ಸ್‌ಗೆ ಕೊಟ್ಟು ಗಾಫ್, ಎರಡು ಮೊದಲ ಸುತ್ತಿನ ಸರದಿ, ಒಂದು ಮೂರನೇ ಸುತ್ತಿನದನ್ನು ಪಡೆಯಿತು. ರ‍್ಯಾಮ್ಸ್ ಅದೇ ಸೀಸನ್‌ನಲ್ಲಿ ಸೂಪರ್ ಬೌಲ್ ಗೆದ್ದಿತು, ಎಲ್ಲರೂ ಡೆಟ್ರಾಯಿಟ್ ಮೋಸಹೋಯಿತು ಎಂದರು. ಆದರೆ ಆ ಸರದಿಗಳನ್ನು ಮತ್ತೆ ಅದಲುಬದಲು ಮಾಡಿ ತಂದವರು ಜೇಮ್ಸನ್ ವಿಲಿಯಮ್ಸ್, ಜಮೀರ್ ಗಿಬ್ಸ್, ಸ್ಯಾಮ್ ಲಪೋರ್ಟಾ. 3 ಗೆದ್ದು, 13 ಸೋತು, 1 ಸಮವಾದ ವರ್ಷದ ಪ್ರತಿಫಲ 2022ರ ಎರಡನೇ ಸರದಿ, ಅದರಲ್ಲಿ ಬಂದವರು ಹಚಿನ್ಸನ್. ಅಮೋನ್-ರಾ ಸೇಂಟ್ ಬ್ರೌನ್ ನಾಲ್ಕನೇ ಸುತ್ತಿನಲ್ಲಿ, 112ನೆಯವರಾಗಿ ಸಿಕ್ಕರು. ನಂತರದ ಸಾಲುಗಳ ಗೆಲುವು-ಸೋಲು 9-8, 12-5, 15-2.

ಹೊಸಬರ ಮೊದಲ ಒಪ್ಪಂದ ನಾಲ್ಕು ವರ್ಷ, ಸಂಬಳ ಸರದಿಯ ಸಂಖ್ಯೆಗೆ ಕಟ್ಟುಬಿದ್ದಿರುತ್ತದೆ. ಅಂದರೆ ಒಳ್ಳೆಯ ಆಟಗಾರ ಅಗ್ಗಕ್ಕೆ ಸಿಗುವ ಕಾಲ ನಾಲ್ಕೇ ವರ್ಷ. ಆಮೇಲೆ ಬಿಲ್ ಬರುತ್ತದೆ: ಗಾಫ್ 2024ರ ಮೇ ತಿಂಗಳಲ್ಲಿ ಮಾಡಿಕೊಂಡ ವಿಸ್ತರಣೆ ನಾಲ್ಕು ವರ್ಷಕ್ಕೆ 21.2 ಕೋಟಿ ಡಾಲರ್.

ಲೆಕ್ಕ ಗೊತ್ತಿರುವ ನಿಮಗೆ ಮೆಚ್ಚುಗೆಯಾಗುವ ಒಂದು ಕೈಚಳಕ ಇದೆ. ಸಹಿ ಹಾಕುವಾಗ ಕೊಡುವ ಬೋನಸ್ ಹಣ ಕೂಡಲೇ ಕೈಗೆ ಸಿಗುತ್ತದೆ, ಪುಸ್ತಕದಲ್ಲಿ ಮಾತ್ರ ಐದು ವರ್ಷದವರೆಗೆ ಹಂಚಬಹುದು. ಉದಾಹರಣೆಗೆ 5 ಕೋಟಿ ಬೋನಸ್ ವರ್ಷಕ್ಕೆ 1 ಕೋಟಿಯಾಗಿ ಕಾಣುತ್ತದೆ. ಆದರೆ ಎರಡು ವರ್ಷಕ್ಕೆ ಅವನನ್ನು ಕೈಬಿಟ್ಟರೆ ಬಾಕಿ 3 ಕೋಟಿ ಒಟ್ಟಿಗೆ ಆ ವರ್ಷದ ಮಿತಿಯ ಮೇಲೆ ಬೀಳುತ್ತದೆ. ಆಡದವನಿಗೆ ಹೋದ ಈ ಮೊತ್ತವೇ ‘ಡೆಡ್ ಮನಿ’. ಜೂನ್ 1ರ ನಂತರ ಬಿಟ್ಟರೆ ಎರಡು ವರ್ಷಕ್ಕೆ ಸೀಳಬಹುದು. ಖರ್ಚಾಗದ ಮಿತಿ ಮುಂದಿನ ವರ್ಷಕ್ಕೆ ಸೇರುತ್ತದೆ.

ಪ್ರಶ್ನೆ: ನಾಲ್ಕನೇ ಡೌನ್‌ನಲ್ಲಿ ಕೋಚ್ ಡ್ಯಾನ್ ಕ್ಯಾಂಪ್‌ಬೆಲ್ ಸುಮ್ಮನೆ ಒದೆಸಿ 3 ಅಂಕ ತಗೊಳ್ಳಬಾರದಿತ್ತೆ?
— ಓದುಗರು, ಹೊಳಲ್ಕೆರೆ

ಉತ್ತರ: ನೀವು ಹೇಳುತ್ತಿರುವುದು ಅದರ ಹಿಂದಿನ ಸೀಸನ್‌ನ ಎನ್‌ಎಫ್‌ಸಿ ಫೈನಲ್ ಇರಬೇಕು. ಅರ್ಧ ವಿರಾಮಕ್ಕೆ 24-7 ಮುಂದಿದ್ದ ಲಯನ್ಸ್, ಎರಡು ಸಲ ಒದೆಯದೆ ಮುಂದೆ ಹೋಗಲು ನೋಡಿ, ಎರಡೂ ಸಲ ವಿಫಲವಾಗಿ, ಸ್ಯಾನ್ ಫ್ರಾನ್ಸಿಸ್ಕೋಗೆ 34-31ರಲ್ಲಿ ಸೋತಿತು.

ನೀವೇ ಅಳೆಯಬಹುದು. ಚೆಂಡು ನಿಂತ ಗೆರೆಯ ಸಂಖ್ಯೆಗೆ (ಎದುರಾಳಿಯ ಕೊನೆಯ ಗೆರೆಗೆ ಎಷ್ಟು ಗಜ ಎಂಬುದಕ್ಕೆ) 17 ಅಥವಾ 18 ಸೇರಿಸಿದರೆ ಒದೆಯಬೇಕಾದ ದೂರ ಸಿಗುತ್ತದೆ: 10 ಗಜ ಕೊನೆಯ ಗೆರೆಯಾಚೆಯ ಎಂಡ್ ಜೋನ್, ಉಳಿದದ್ದು ಚೆಂಡನ್ನು ಹಿಂದಕ್ಕೆ ಕೊಟ್ಟು ನೆಲಕ್ಕಿಡುವ ಅಂತರ. ಮೊದಲ ಸಲ ಚೆಂಡು 28ರಲ್ಲಿತ್ತು, ಅಂದರೆ ಸುಮಾರು 46 ಗಜದ ಒದೆತ, ಬೇಕಿದ್ದದ್ದು 2 ಗಜ. ಎರಡನೇ ಸಲ 30ರಲ್ಲಿ, ಬೇಕಿದ್ದದ್ದು 3 ಗಜ. ಒದೆತ ತಪ್ಪಿದರೆ ಎದುರಾಳಿಗೆ ಚೆಂಡು ಸಿಗುವುದು ಒದ್ದ ಜಾಗದಲ್ಲಿ, ಗೆರೆಯಿಂದ ಏಳೆಂಟು ಗಜ ನಿಮ್ಮ ಕಡೆಗೆ. ಡೌನ್ ತಪ್ಪಿದರೆ ಗೆರೆಯಲ್ಲೇ. ಮೊದಲ ನಿರ್ಧಾರವನ್ನು ನಾವು ಸಮರ್ಥಿಸುತ್ತೇವೆ. ಕೈಗೆ ಬಂದ ಚೆಂಡನ್ನು ರಿಸೀವರ್ ಬಿಟ್ಟದ್ದು ಕೋಚ್ ತಪ್ಪಲ್ಲ. ಎರಡನೆಯದನ್ನಲ್ಲ. 27-24ರಲ್ಲಿ ಹಿಂದಿದ್ದು, ಏಳು ನಿಮಿಷ ಚಿಲ್ಲರೆ ಬಾಕಿ ಇರುವಾಗ ಸಮ ಮಾಡುವ 3 ಅಂಕಕ್ಕೆ ಬೆಲೆ ಹೆಚ್ಚು.

ಪ್ರಶ್ನೆ: ಲಯನ್ಸ್ ಸೂಪರ್ ಬೌಲ್ ಎಷ್ಟು ಸಲ ಆಡಿದೆ?
— 9ನೇ ತರಗತಿ ವಿದ್ಯಾರ್ಥಿನಿ, ಚನ್ನಗಿರಿ

ಉತ್ತರ: ಒಂದು ಸಲವೂ ಇಲ್ಲಮ್ಮ. ಅವರ ಕೊನೆಯ ಲೀಗ್ ಪ್ರಶಸ್ತಿ 1957ರದು, ಆಗ ಸೂಪರ್ ಬೌಲ್ ಎಂಬುದೇ ಇರಲಿಲ್ಲ. 2008ರಲ್ಲಂತೂ 16ಕ್ಕೆ 16 ಸೋತಿದ್ದರು.

ಪ್ರಶ್ನೆ: ಇಲ್ಲಿ ಕೂತು ನೋಡಲು ಯಾವ ಹೊತ್ತಿಗೆ ಏಳಬೇಕು? ನವೆಂಬರ್‌ನಲ್ಲಿ ಸಮಯ ಬದಲಾಗಿ ಒಂದು ಆಟವೇ ತಪ್ಪಿತು.
— ಓದುಗರು, ಹಿರಿಯೂರು

ಉತ್ತರ: ಅಮೆರಿಕದಲ್ಲಿ ನವೆಂಬರ್ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಹಾಗಾಗಿ ನಮಗೆ ಎಲ್ಲವೂ ಒಂದು ಗಂಟೆ ತಡ. ಭಾನುವಾರದ ಮೊದಲ ಆಟಗಳು ನಮ್ಮಲ್ಲಿ ಅದೇ ರಾತ್ರಿ 10.30ಕ್ಕೆ, ನವೆಂಬರ್‌ನಿಂದ 11.30ಕ್ಕೆ. ಎರಡನೆಯ ಸರದಿಯ ದೊಡ್ಡ ಆಟ ನಸುಕಿನ 1.55ಕ್ಕೆ, ಆಮೇಲೆ 2.55ಕ್ಕೆ, ಮರುದಿನ ಕೆಲಸ ಇರುವವರು ಇದನ್ನು ಬಿಡುವುದೇ ಲೇಸು. ಭಾನುವಾರ ರಾತ್ರಿಯ ಆಟ ಇಲ್ಲಿ ಸೋಮವಾರ ಬೆಳಿಗ್ಗೆ 5.50ಕ್ಕೆ, ನಂತರ 6.50ಕ್ಕೆ, ಮೂರು ಗಂಟೆ ಹಿಡಿಯುವುದರಿಂದ ಆಟ ಮುಗಿಸಿ ಬೆಣ್ಣೆ ದೋಸೆಗೆ ಹೊರಡಬಹುದು. ಅಮೆರಿಕದ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನದ ಲಯನ್ಸ್ ಆಟ ನವೆಂಬರ್‌ನ ನಾಲ್ಕನೇ ಗುರುವಾರ. 2024ರಲ್ಲಿ ಇಲ್ಲಿ ರಾತ್ರಿ 11ಕ್ಕಿತ್ತು. ಸೂಪರ್ ಬೌಲ್ ಫೆಬ್ರುವರಿಯ ಸೋಮವಾರ ಬೆಳಿಗ್ಗೆ 5ಕ್ಕೆ.

2024ರ ಥ್ಯಾಂಕ್ಸ್‌ಗಿವಿಂಗ್ ಆಟದ ಮರುಪ್ರಸಾರ ಸಿಕ್ಕರೆ ಕೊನೆಯ ನಿಮಿಷ ನೋಡಿ. ಷಿಕಾಗೋ 23-20ರಲ್ಲಿ ಹಿಂದಿತ್ತು, ಅರ್ಧ ನಿಮಿಷ ಬಾಕಿ, ಗಡಿಯಾರ ನಿಲ್ಲಿಸಲು ಒಂದು ಟೈಮ್‌ಔಟ್ ಕೈಯಲ್ಲಿತ್ತು. ಕ್ವಾರ್ಟರ್‌ಬ್ಯಾಕ್ ಮೈದಾನದೊಳಗೇ ಬಿದ್ದ, ಗಡಿಯಾರ ಓಡುತ್ತಲೇ ಇತ್ತು, ಟೈಮ್‌ಔಟ್ ಕೇಳಲಿಲ್ಲ. ಒಂದೇ ಎಸೆತಕ್ಕೆ ಸಮಯ ಮುಗಿಯಿತು. ಮರುದಿನ ಷಿಕಾಗೋ ಕೋಚ್ ಕೆಲಸ ಹೋಯಿತು.

ಪ್ರಶ್ನೆ: ಶಾಲೆ ಮಕ್ಕಳಿಗೆ ಫ್ಲ್ಯಾಗ್ ಫುಟ್‌ಬಾಲ್ ಆಡಿಸಬೇಕು ಅಂದುಕೊಂಡಿದ್ದೇವೆ. ಅಂಕಣ ಹಾಕುವುದು ಹೇಗೆ?
— ದೈಹಿಕ ಶಿಕ್ಷಕಿ, ದಾವಣಗೆರೆ

ಉತ್ತರ: ಒಳ್ಳೆಯ ಯೋಚನೆ, ಮೇಡಂ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಸೇರಿರುವುದು ಈ ಆಟವೇ. ಎದುರಾಳಿಯನ್ನು ಕೆಡವುವ ಬದಲು ಅವನ ಸೊಂಟದ ಫ್ಲ್ಯಾಗ್ ಎಳೆಯುವುದು, ಹಾಗಾಗಿ ಹೆಲ್ಮೆಟ್, ಪ್ಯಾಡ್ ಬೇಡ, ಒಂದು ಕಡೆಗೆ ಐವರು. ಅಂಕಣ 50 ಗಜ ಉದ್ದ, 25 ಗಜ ಅಗಲ, ಎರಡೂ ತುದಿಗೆ 10 ಗಜದ ಎಂಡ್ ಜೋನ್. ಟೇಪಿನಲ್ಲಿ 45.7 ಮೀಟರ್, 22.9 ಮೀಟರ್, 9.1 ಮೀಟರ್. ಒಟ್ಟು ಉದ್ದ 64 ಮೀಟರ್ ಬೇಕಾಗುತ್ತದೆ. ನಡುಗೆರೆ ಎಳೆಯಿರಿ. ನಡುಗೆರೆಗೂ ಎಂಡ್ ಜೋನ್‌ಗೂ 5 ಗಜ ಮುಂಚೆ, ಅಂದರೆ 4.6 ಮೀಟರ್‌ಗೆ, ಚುಕ್ಕೆ ಗೆರೆ ಹಾಕಿ; ಈ 5 ಗಜದೊಳಗಿಂದ ಶುರುವಾಗುವ ಡೌನ್‌ನಲ್ಲಿ ಓಡಿ ಒಯ್ಯುವಂತಿಲ್ಲ, ಎಸೆಯಲೇಬೇಕು. ನಾಲ್ಕು ಡೌನ್‌ನಲ್ಲಿ ನಡುಗೆರೆ ದಾಟಬೇಕು, ದಾಟಿದರೆ ಟಚ್‌ಡೌನ್‌ಗೆ ಇನ್ನು ನಾಲ್ಕು. ಎಸೆಯುವವನ ಮೇಲೆ ನುಗ್ಗುವವನು 7 ಗಜ ಹಿಂದಿನಿಂದ ಹೊರಡಬೇಕು, ಅಂದರೆ 6.4 ಮೀಟರ್.

ಮೂಲೆ 90 ಡಿಗ್ರಿ ಬರದೆ ಅಂಕಣ ಓರೆಯಾಗುವುದು ಸಾಮಾನ್ಯ. 3-4-5 ಮೀಟರ್ ಹಗ್ಗದ ತ್ರಿಕೋನದಿಂದ ಸರಿಮಾಡಿ. ಗೆರೆಗೆ ಸುಟ್ಟ ಸುಣ್ಣ ಬೇಡ, ಮಕ್ಕಳು ಬಿದ್ದಾಗ ಕಣ್ಣು ಉರಿಯುತ್ತದೆ. ಚಾಕ್ ಪುಡಿ ಸಾಕು. ಎರೆಮಣ್ಣಿನ ಮೈದಾನವಾದರೆ ಮಳೆ ನಿಂತ ದಿನವೇ ಆಡಿಸಬೇಡಿ, ಜಾರಿ ಮೊಣಕಾಲು ತಿರುಚುತ್ತದೆ. ಸೊಂಟದ ಪಟ್ಟಿಯ ಎರಡೂ ಬದಿಗೆ ಒಂದೊಂದು ಫ್ಲ್ಯಾಗ್. ಅಂಗಿ ಒಳಗೆ ಸೇರಿಸಿರಲಿ, ಇಲ್ಲದಿದ್ದರೆ ಫ್ಲ್ಯಾಗ್ ಎಳೆಯಲು ಹೋದವರು ಅಂಗಿ ಹರಿಯುತ್ತಾರೆ. ಪೂರ್ಣ ಅಳತೆಯ ಚೆಂಡಿನ ಗಾಳಿ 12.5ರಿಂದ 13.5 ಪಿಎಸ್‌ಐ, ಕೈ ಚಿಕ್ಕದಿರುವ ಮಕ್ಕಳಿಗೆ ಅದಕ್ಕಿಂತ ಸಣ್ಣ ಚೆಂಡನ್ನೇ ತರಿಸಿ. ಸೂಜಿಯನ್ನು ಒದ್ದೆ ಮಾಡದೆ ಚುಚ್ಚಿದರೆ ಒಳಗಿನ ವಾಲ್ವ್ ಹರಿದು ಚೆಂಡು ವಾರಕ್ಕೊಮ್ಮೆ ಮೆತ್ತಗಾಗುತ್ತದೆ.